ಜಿಂಜರ್‌ಬ್ರೆಡ್ಡಿನೊಳಗಿನ ಬೇರು

ನಾರ್ವೆಯ ಬರ್ಗನ್ ನಗರದ ಮಕ್ಕಳು 1991ರಿಂದ ಕ್ರಿಸ್‌ಮಸ್ ಬಂತೆಂದರೆ ಒಂದು ಪುಟ್ಟ ಊರನ್ನೇ ಬೇಯಿಸಿ ಕಟ್ಟುತ್ತಾರೆ. ಶಿಶುವಿಹಾರ, ಶಾಲೆ, ಮನೆಗಳಿಂದ ಬಂದ ಬಿಸ್ಕತ್ತಿನ ಮನೆ, ಚರ್ಚು, ಹಡಗು, ರೈಲು ಎಲ್ಲ ಒಂದೆಡೆ ಸೇರುತ್ತವೆ. 2009ರ ನವೆಂಬರಿನಲ್ಲಿ ಯಾರೋ ಒಳಗೆ ನುಗ್ಗಿ ಅದನ್ನು ಪುಡಿಗಟ್ಟಿದಾಗ ಊರಿನವರು ಸೇರಿ ಮತ್ತೆ ಬೇಯಿಸಿ ನಿಲ್ಲಿಸಿದರು. ಈ ತಿನಿಸನ್ನು ಅಲ್ಲಿ ಪೆಪ್ಪರ್‌ಕಾಕೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಜಿಂಜರ್‌ಬ್ರೆಡ್. ಎರಡು ಹೆಸರೂ ಹೊರಟದ್ದು ನಮ್ಮ ನೆಲದಿಂದ.

ತಮಿಳಿನಲ್ಲೂ ಮಲಯಾಳದಲ್ಲೂ ಶುಂಠಿಗೆ ಇಂಜಿ ಎಂಬ ಹೆಸರಿದೆ. ಅದಕ್ಕೆ ‘ವೇರ್’ ಸೇರಿದರೆ ಇಂಜಿವೇರ್. ತಮಿಳಿನ ವಾಯ್ ನಮ್ಮಲ್ಲಿ ಬಾಯಿ, ವಿಲ್ ನಮ್ಮಲ್ಲಿ ಬಿಲ್ಲು. ಹಾಗೆಯೇ ವೇರ್ ಎಂದರೆ ಬೇರು. ಈ ಮಾತು ಉತ್ತರಕ್ಕೆ ಹೋಗಿ ಪಾಲಿಯಲ್ಲಿ ಸಿಂಗಿವೇರವಾಯಿತು, ಸಂಸ್ಕೃತದಲ್ಲಿ ಶೃಂಗವೇರ. ಶುಂಠಿಯ ಕವಲುಗಳನ್ನು ನೋಡಿದವರಿಗೆ ಅಲ್ಲಿ ಕೊಂಬು ಕಂಡಿದ್ದರೆ ಆಶ್ಚರ್ಯವಿಲ್ಲ. ತಿಳಿಯದ ಸದ್ದಿಗೆ ತಿಳಿದ ಅರ್ಥ ಹಚ್ಚಿ ‘ಕೊಂಬಿನ ಮೈಯದು’ ಎಂದುಕೊಂಡರು. ಅಲ್ಲಿಂದ ಮುಂದೆ ಗ್ರೀಕರ ಜಿಂಗಿಬೆರಿಸ್, ಲ್ಯಾಟಿನ್ನಿನ ಜಿಂಗಿಬೆರ್. ಅರಬ್ಬಿಯ ಜಂಜಬೀಲ್ ಕೂಡ ಇದೇ ಬಳ್ಳಿಯದು. ಕುರಾನಿನಲ್ಲಿ ಸ್ವರ್ಗದ ಪಾನೀಯಕ್ಕೆ ಬೆರೆಯುವುದು ಅದೇ. ಈ ಒಂದೇ ಪದದ ಪಯಣವನ್ನು ಬೆನ್ನಟ್ಟಿ ಇಂಗ್ಲೆಂಡಿನ ಭಾಷಾವಿದ್ವಾಂಸ ಅಲನ್ ರಾಸ್ 1952ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಇಂಗ್ಲಿಷಿನ ತಿರುವು ಇನ್ನೂ ಸೊಗಸಾಗಿದೆ. ಹಳೆಯ ಫ್ರೆಂಚರು ಸಕ್ಕರೆಯಲ್ಲಿ ಕೆಡದಂತೆ ಕಾಪಿಟ್ಟ ಶುಂಠಿಗೆ ಜಿಂಜಬ್ರಾಸ್ ಎನ್ನುತ್ತಿದ್ದರು. ಅದರಲ್ಲಿ ರೊಟ್ಟಿಯ ಸುಳಿವೇ ಇಲ್ಲ. 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದ ಆ ಪದದ ಬಾಲ, ಬರಬರುತ್ತ ಕೇಳಿದವರ ಕಿವಿಯಲ್ಲಿ ‘ಬ್ರೆಡ್’ ಆಗಿಬಿಟ್ಟಿತು. ಹೆಸರೇ ತಿನಿಸನ್ನೂ ತನ್ನ ಹಿಂದೆ ಎಳೆದುಕೊಂಡು ಹೋಯಿತೆಂದು ನನಗೆ ತೋರುತ್ತದೆ, ಏಕೆಂದರೆ 15ನೆಯ ಶತಮಾನದ ಹಸ್ತಪ್ರತಿಯೊಂದರ ಪಾಕದಲ್ಲಿ ರೊಟ್ಟಿ ನಿಜಕ್ಕೂ ಬಂದು ಕೂತಿದೆ. ಜೇನನ್ನು ಕಾಯಿಸಿ ನೊರೆ ತೆಗೆ, ಕೇಸರಿ, ಮೆಣಸು, ಚಕ್ಕೆಯ ಪುಡಿ ಹಾಕು, ತುರಿದ ರೊಟ್ಟಿ ಸೇರಿಸಿ ಗಟ್ಟಿಮಾಡು ಎನ್ನುತ್ತದೆ ಅದು. ಮೇಲೆ ಎಲೆಗಳನ್ನಿಟ್ಟು ಲವಂಗವನ್ನೇ ಮೊಳೆಯಂತೆ ಚುಚ್ಚಿ ಅಲಂಕರಿಸಬೇಕು. ಕೆಂಪು ಬಣ್ಣ ಬೇಕಿದ್ದರೆ ರಕ್ತಚಂದನ! ಶುಂಠಿಯ ಮಾತೇ ಇಲ್ಲ. ರೊಟ್ಟಿಯಿಲ್ಲದ ಶುಂಠಿಯ ಹೆಸರು ಶುಂಠಿಯಿಲ್ಲದ ರೊಟ್ಟಿಗೆ ಬಂದು ಅಂಟಿತ್ತು.

ಆದರೂ ಮೂಲಪದ ಪೂರ್ತಿ ಅಳಿದಿಲ್ಲ. ಬ್ರೆಡ್ಡಿನ ಮೊದಲಿಗೆ ನಿಂತ ‘ಬ್ರ’ ಬಂದದ್ದು ಜಿಂಗಿಬೆರಿನ ‘ಬೆರ್’ನಿಂದ, ಆ ‘ಬೆರ್’ ಶೃಂಗವೇರದ ‘ವೇರ’, ಅದರ ಹಿಂದೆ ದಕ್ಷಿಣದ ವೇರ್. ಇಂಗ್ಲಿಷರು ರೊಟ್ಟಿ ಎಂದು ಕೇಳಿಸಿಕೊಂಡ ಜಾಗದಲ್ಲೇ ನಮ್ಮ ಬೇರು ಕೂತಿದೆ. ಇಷ್ಟು ದೂರ ಸಾಗಿ, ಇಷ್ಟು ಬಾಯಿಗಳಲ್ಲಿ ಸವೆದೂ ಉಳಿದ ಈ ಎರಡು ವ್ಯಂಜನಗಳ ಮೇಲೆ ನನಗೆ ಬಹಳ ಅಕ್ಕರೆ.

ಇನ್ನು ಪೆಪ್ಪರ್‌ಕಾಕೆ. ಸ್ವೀಡನ್, ಜರ್ಮನಿಗಳಲ್ಲೂ ಇಂಥ ತಿನಿಸಿಗೆ ಮೆಣಸಿನದೇ ಹೆಸರು. ಪೋಲೆಂಡಿನ ಪಿಯೆರ್ನಿಕ್, ರಷ್ಯದ ಪ್ರ್ಯಾನಿಕ್ ಕೂಡ ಮೂಲದಲ್ಲಿ ಮೆಣಸಿನ ಮಾತುಗಳೇ. ಇವೆಲ್ಲದರ ಹಿಂದಿರುವುದು ಸಂಸ್ಕೃತದ ಪಿಪ್ಪಲಿ. ಪಾಲ್ ಹಾಲಾದಂತೆ ನಮ್ಮಲ್ಲಿ ಅದು ಹಿಪ್ಪಲಿಯಾಗಿ ಕಷಾಯದ ಡಬ್ಬಿಯಲ್ಲಿ ಉಳಿಯಿತು. ಪಶ್ಚಿಮಕ್ಕೆ ಹೋದ ಹೆಸರು ಕರಿಮೆಣಸಿಗೂ ದಾಟಿಕೊಂಡಿತು.

ಮಕ್ಕಳಿಗೆ ಈ ವಂಶಾವಳಿ ಬೇಕಿಲ್ಲ, ಕೈಗೆ ಹಿಟ್ಟು ಸಿಕ್ಕರೆ ಸಾಕು. ಬೆಣ್ಣೆ, ಕಂದು ಸಕ್ಕರೆ, ಕಾಕಂಬಿ, ಒಣಶುಂಠಿ, ಚಕ್ಕೆ, ಲವಂಗ, ಅಡುಗೆ ಸೋಡಾ ಹಾಕಿ ಕಲಸಿದ ಹಿಟ್ಟು ರಾತ್ರಿಯಿಡೀ ತಂಪಿನಲ್ಲಿ ಕೂತರೆ ಮರುದಿನ ಲಟ್ಟಣಿಗೆಗೆ ಅಂಟದೆ ಬರುತ್ತದೆ. ನಕ್ಷತ್ರ, ಹೃದಯ, ಮನುಷ್ಯನ ಅಚ್ಚು ಒತ್ತುವುದು ಅವರ ಪಾಲಿನ ಕೆಲಸ. ತೂಗುಹಾಕುವ ಬಿಸ್ಕತ್ತಿಗೆ ಒಲೆಗಿಡುವ ಮುಂಚೆಯೇ ಸ್ಟ್ರಾದಿಂದ ತೂತು ಮಾಡಬೇಕು. ಉಬ್ಬಿ ಮುಚ್ಚಿಕೊಂಡರೆ ಬಿಸಿಯಿರುವಾಗಲೇ ದೊಡ್ಡವರು ಇನ್ನೊಮ್ಮೆ ಚುಚ್ಚಬೇಕು, ಆರಿದ ಮೇಲೆ ಚುಚ್ಚಿದರೆ ಒಡೆಯುತ್ತದೆ. ಕಾಕಂಬಿ ಗಾಳಿಯ ತೇವ ಹೀರುವುದರಿಂದ ಅಲಂಕಾರದವನ್ನು ತಿನ್ನುವವಕ್ಕಿಂತ ಕೊಂಚ ಹೆಚ್ಚು ಬೇಯಿಸುವುದು ಒಳ್ಳೆಯದು. ಇಲ್ಲದಿದ್ದರೆ ಮೆತ್ತಗಾಗಿ ದಾರದಿಂದ ಕಳಚಿ ಬೀಳುತ್ತವೆ. ಮೊಟ್ಟೆಯ ಬಿಳಿಗೆ ಪುಡಿಸಕ್ಕರೆ ಕಡೆದು ಕಣ್ಣು, ಗುಂಡಿ, ಕಿಟಕಿ ಬರೆಯುತ್ತಾರೆ. ಮನೆ ಕಟ್ಟುವಾಗ ಗಾರೆಯೂ ಅದೇ. ಸ್ವೀಡನ್ನಿನಲ್ಲಿ ಒಂದು ಆಟವಿದೆ: ಬಿಸ್ಕತ್ತನ್ನು ಅಂಗೈಯಲ್ಲಿಟ್ಟು ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ಬೆರಳಿನಿಂದ ಒತ್ತಬೇಕು, ಮೂರು ಚೂರಾದರೆ ಬಯಕೆ ಈಡೇರುತ್ತದೆ.

ನಮ್ಮ ಭಾಷೆ ಇಂಜಿಯನ್ನು ಹಿಡಿದುಕೊಳ್ಳಲಿಲ್ಲ. ಸಂಸ್ಕೃತದ ಶುಂಠಿ ಒಣಗಿದ್ದಕ್ಕೇ ಮೀಸಲಾದ ಹೆಸರು. ನಾವು ಅದನ್ನು ಎರಡಕ್ಕೂ ಬಳಸಿ ಹಸಿಶುಂಠಿ, ಒಣಶುಂಠಿ ಎಂದು ವಿಂಗಡಿಸಿಕೊಂಡೆವು. ಉತ್ತರ ಕರ್ನಾಟಕದವರು ಹಸಿಯದಕ್ಕೆ ಅಲ್ಲ ಎನ್ನುತ್ತಾರೆ, ಅದು ಒದ್ದೆ ಎಂಬರ್ಥದ ಆರ್ದ್ರದಿಂದ ಬಂದದ್ದು. ಆ ಲೆಕ್ಕಕ್ಕೆ ಬಿಸ್ಕತ್ತಿನ ಹಿಟ್ಟಿಗೆ ಬೀಳುವುದು ಅಪ್ಪಟ ಶುಂಠಿ, ಅಲ್ಲ ಅಲ್ಲ.

ಜಿಂಜರ್‌ಬ್ರೆಡ್ ಎಂಬ ಮಾತು ಅಡುಗೆಮನೆಯಲ್ಲೇ ನಿಲ್ಲಲಿಲ್ಲ. ಹಡಗುಗಳ ಮೇಲಿನ ಚಿನ್ನದ ಬಣ್ಣದ ಕೆತ್ತನೆಗೂ, ಮುಂದೆ ಮನೆಯ ಸೂರಿನಂಚಿನ ಮರದ ಜಾಲಂದರಕ್ಕೂ ಅದೇ ಹೆಸರು ಬಂತು. ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ 19ನೆಯ ಶತಮಾನದ ಕೊನೆಯಲ್ಲೂ 20ನೆಯದರ ಆರಂಭದಲ್ಲೂ ಕಟ್ಟಿದ ಅಂಥ ಮನೆಗಳನ್ನು ಜಿಂಜರ್‌ಬ್ರೆಡ್ ಮನೆಗಳೆಂದೇ ಕರೆಯುತ್ತಾರೆ. 2010ರ ಜನವರಿಯ ಭೂಕಂಪದಲ್ಲಿ ಸುತ್ತಲಿನ ಕಾಂಕ್ರೀಟು ಕಟ್ಟಡಗಳು ಕುಸಿದು ಬಿದ್ದಾಗ, ಅಲುಗಿದರೂ ಮುರಿಯದ ಮರದ ಚೌಕಟ್ಟಿನಿಂದಾಗಿ ಇವುಗಳಲ್ಲಿ ಬಹುಪಾಲು ನಿಂತುಕೊಂಡವು.