ಹಬೆಸ್ನಾನ

ಹಬೆಸ್ನಾನ: ಬಿಸಿಗಾಳಿಗೋ ನೀರಿನ ಹಬೆಗೋ ಮೈಯೊಡ್ಡಿ ಬೆವರಿ, ಆಮೇಲೆ ಮೈ ತಣಿಸಿಕೊಂಡು ದಣಿವಾರಿಸಿಕೊಳ್ಳುವ ಸ್ನಾನಕ್ರಮ. ಹೋಟೆಲು, ಜಿಮ್ಮು, ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಇಂದು ಇದರ ಎರಡು ಬಗೆಗಳು ಬಳಕೆಯಲ್ಲಿವೆ: ಫಿನ್ಲೆಂಡಿನಿಂದ ಬಂದ ಸೌನಾ ಮತ್ತು ಸ್ಟೀಮ್ ರೂಮ್. ಹೆಸರು ಹೊಸದಾದರೂ ಬೆವರಿ ಹಗುರಾಗುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ.

ಸೌನಾ ಎಂದರೆ ಹಲಗೆ ಹೊಡೆದ ಚಿಕ್ಕ ಕೋಣೆ. ಮೂಲೆಯ ಒಲೆಯ ಮೇಲೆ ಪೇರಿಸಿದ ಕಲ್ಲುಗಳು ಕಾದು, ಗಾಳಿಯ ಉಷ್ಣತೆ 80ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ತೇವಾಂಶ ಮಾತ್ರ ಶೇ. 10-20ರಷ್ಟೇ. ಆಗಾಗ ಸೌಟಿನಿಂದ ಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಹಬೆ ಎದ್ದು ಮೈಗೆ ರಪ್ಪನೆ ಬಡಿಯುತ್ತದೆ. ಸ್ಟೀಮ್ ರೂಮಿನ ಉಷ್ಣತೆ 40-50 ಡಿಗ್ರಿ ಮಾತ್ರ, ಆದರೆ ಅಲ್ಲಿ ಹಬೆ ಕಿಕ್ಕಿರಿದು ಎದುರು ಕುಳಿತವರೂ ಕಾಣುವುದಿಲ್ಲ. ಒಣಗಾಳಿಯಲ್ಲಿ ಬೆವರು ಆರುತ್ತ ಮೈಯನ್ನು ಕಾಯುತ್ತದೆ. ಹಾಗಾಗಿ ನೀರು ಕುದಿಯುವಷ್ಟು ಕಾವಿನಲ್ಲೂ ಮನುಷ್ಯ ಕೆಲ ನಿಮಿಷ ಕೂರಬಲ್ಲ. ಹಬೆ ತುಂಬಿದ ಕೋಣೆಯಲ್ಲಿ ಬೆವರು ಆರುವುದಿಲ್ಲ. ಅದರ ಮೇಲೆ ಹಬೆಯೇ ಚರ್ಮದ ಮೇಲೆ ನೀರಾಗಿ ಇಳಿದು ತನ್ನೊಳಗಿನ ಶಾಖವನ್ನು ಮೈಗೆ ಬಿಟ್ಟುಕೊಡುತ್ತದೆ. 45 ಡಿಗ್ರಿಯ ಹಬೆ ಮೈಗೆ ಅಷ್ಟೊಂದು ಬಿಸಿಯೆನಿಸುವುದು ಇದರಿಂದ.

ಭಾರತದಲ್ಲಿ ಸ್ವೇದನದ, ಅಂದರೆ ಮೈ ಬೆವರಿಸುವ ಚಿಕಿತ್ಸೆಯ, ವಿವರವಾದ ವರ್ಣನೆ ಆಯುರ್ವೇದದ ಗ್ರಂಥವಾದ ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯದಲ್ಲಿದೆ. ಬೆಂಕಿಯ ನೆರವಿನಿಂದ ಮಾಡುವ 13 ಬಗೆಯ ಸ್ವೇದನಗಳನ್ನು ಅಲ್ಲಿ ಹೇಳಿದೆ. ಕಾಯಿಸಿದ ಬಂಡೆಯ ಮೇಲೆ ಬಟ್ಟೆ ಹಾಸಿ ಮಲಗಿಸುವುದು ಒಂದು, ನಳಿಗೆಯ ಮೂಲಕ ಮದ್ದಿನ ಹಬೆ ಹಾಯಿಸುವುದು ಇನ್ನೊಂದು. ಇವುಗಳಲ್ಲಿ ಸೌನಾಕ್ಕೆ ತೀರ ಹತ್ತಿರದ್ದು ಜೇಂತಾಕ. ಅದಕ್ಕೆ ಆರಿಸಬೇಕಾದ ಜಾಗದಿಂದಲೇ ವಿವರಣೆ ಶುರುವಾಗುತ್ತದೆ: ನೆಲ ಕಪ್ಪು ಮಣ್ಣಿನದೋ ಹೊನ್ನಿನ ಬಣ್ಣದ ಮಣ್ಣಿನದೋ ಆಗಿರಬೇಕು; ಕೆರೆಯ ಇಲ್ಲವೆ ಕೊಳದ ತೆಂಕಣ ಅಥವಾ ಪಡುವಣ ದಡವಾಗಿರಬೇಕು; ನೀರಿನಿಂದ ಏಳೆಂಟು ಮೊಳ ದೂರವಿರಬೇಕು. ಅಲ್ಲಿ 16 ಮೊಳ ಎತ್ತರ, ಅಷ್ಟೇ ಅಗಲದ ದುಂಡನೆಯ ಮಣ್ಣಿನ ಮನೆ ಕಟ್ಟಿ, ಹಲವು ಕಿಟಕಿಗಳನ್ನಿಟ್ಟು, ಒಳಗೋಡೆಯ ಸುತ್ತ ಒಂದು ಮೊಳದ ಜಗಲಿ ಹಾಕಬೇಕು. ನಡುವೆ ಆಳೆತ್ತರದ, ಸಣ್ಣ ತೂತುಗಳುಳ್ಳ ಮಣ್ಣಿನ ಒಲೆ. ಕಗ್ಗಲಿಯಂಥ ಗಟ್ಟಿ ಸೌದೆ ಉರಿದು ಹೊಗೆ ಪೂರ್ತಿ ಅಡಗಿದ ಮೇಲಷ್ಟೇ, ಎಣ್ಣೆ ಹಚ್ಚಿಕೊಂಡವನು ಒಳಗೆ ಹೋಗಿ ಜಗಲಿಯ ಮೇಲೆ ಮಗ್ಗಲು ಬದಲಿಸುತ್ತ ಮಲಗಬೇಕು. ಹೊರಬಂದ ಕೂಡಲೇ ತಣ್ಣೀರು ಮುಟ್ಟಬಾರದು. ದಣಿವು ಕಳೆದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು ಉಣ್ಣಬೇಕು. ಕಣ್ಣು ಮತ್ತು ಎದೆಗೆ ಕಾವು ತಾಗದಂತೆ ತಾವರೆ, ನೈದಿಲೆಗಳ ಎಸಳು ಹಾಗೂ ಮುತ್ತಿನ ಹಾರದಂಥ ತಂಪು ವಸ್ತುಗಳನ್ನಿಡುವ ಎಚ್ಚರಿಕೆಯನ್ನೂ ಅದೇ ಅಧ್ಯಾಯ ಹೇಳುತ್ತದೆ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನು ಕಂಡವರಿಗೆ ಈ ವರ್ಣನೆಯ ಜಾಗ ಕಣ್ಣಿಗೆ ಕಟ್ಟುತ್ತದೆ. ಗುಡ್ಡಗಳ ನಡುವಿನ ಕೆರೆ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಇವುಗಳಿಂದ ಹೆಸರಾದ ಈ ಊರಿಗೆ ದಾವಣಗೆರೆ, ಹರಿಹರದ ಜನ ಬಿಡುವಿನ ದಿನ ಕಳೆಯಲು ಬರುತ್ತಾರೆ. ಫಿನ್ಲೆಂಡಿನವರೂ ಸೌನಾವನ್ನು ಕೆರೆಯ ದಡದಲ್ಲೇ ಕಟ್ಟಲು ಇಷ್ಟಪಡುತ್ತಾರೆ. ಬೆವರಿದ ಮೈಗೆ ಬಯಲಗಾಳಿಯೂ ನೀರಿನ ನೋಟವೂ ಬೇಕೆಂಬುದನ್ನು ಎರಡು ದೂರದ ನಾಡುಗಳು ತಮ್ಮ ತಮ್ಮ ಅನುಭವದಿಂದಲೇ ಕಂಡುಕೊಂಡಿವೆ.

ದಾವಣಗೆರೆ ಸೀಮೆಯ ಮನೆಗಳಲ್ಲಿ ಮೈ ಬೆವರಿಸುವ ಕೆಲಸವನ್ನು ಬಹುಕಾಲ ಮಾಡಿದ್ದು ಬಚ್ಚಲುಮನೆ. ಒಲೆಗೆ ಸೇರಿಸಿ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಸೌದೆಯ ಉರಿ, ಬಾಗಿಲು ಮುಚ್ಚಿದರೆ ಹಬೆ ಹೋಗಲು ಒಂದು ಸಣ್ಣ ಗವಾಕ್ಷಿ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆ ತಿಕ್ಕಿ ತೊಳೆದು ನೀರು ತುಂಬಿ, ಮರುದಿನ ನಸುಕಿನಲ್ಲಿ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುತ್ತಾರೆ. ಬಾಣಂತಿಯ ಸ್ನಾನ ಇದಕ್ಕಿಂತ ನಿಷ್ಠೆಯದು. ಹರಳೆಣ್ಣೆ ತಿಕ್ಕಿ, ಲಕ್ಕಿಸೊಪ್ಪು ಹಾಕಿ ಕುದಿಸಿದ ನೀರನ್ನು ಸೊಂಟಕ್ಕೆ, ಬೆನ್ನಿಗೆ ಎರೆದು, ಆಮೇಲೆ ಕಂಬಳಿ ಹೊದಿಸಿ ಬೆವರುವವರೆಗೆ ಮಲಗಿಸುತ್ತಾರೆ. ಎರೆಯಲು ಪಳಗಿದ ಕೈಯೇ ಬೇಕು. ನೀರಿನ ಕಾವನ್ನು ಬಾಣಂತಿಯ ಮುಖ ನೋಡಿಯೇ ಅಳೆಯುವ ಅಜ್ಜಿಯರ ಜಾಣ್ಮೆಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ಆದರೆ ಬಾಣಂತಿಕೋಣೆಯಲ್ಲಿ ಕೆಂಡ, ಹೊಗೆ ಹಾಕಿ ಬಾಗಿಲು ಮುಚ್ಚುವ ರೂಢಿ ತಾಯಿಗೂ ಕೂಸಿಗೂ ಅಪಾಯಕಾರಿ, ಅದನ್ನು ಬಿಡಬೇಕು.

ಅರಮನೆಗಳ ಹಮಾಮು, ಅಂದರೆ ಬಿಸಿನೀರು-ಹಬೆಯ ಸ್ನಾನಗೃಹ, ಹಬೆಸ್ನಾನದ ಇನ್ನೊಂದು ಕವಲು. ಬೀದರ್ ಕೋಟೆಯ ವಸ್ತುಸಂಗ್ರಹಾಲಯವಿರುವುದು ಹಳೆಯ ಶಾಹಿ ಹಮಾಮಿನ ಕಟ್ಟಡದಲ್ಲಿ.

ಆಧುನಿಕ ಹಬೆಪೆಟ್ಟಿಗೆ ಬಂದದ್ದು ಪ್ರಕೃತಿ ಚಿಕಿತ್ಸೆಯ ದಾರಿಯಿಂದ. ಜರ್ಮನಿಯ ಲೂಯಿ ಕೂನೆ ಪ್ರಚಾರ ಮಾಡಿದ ನೀರು ಮತ್ತು ಹಬೆಯ ಚಿಕಿತ್ಸೆಗಳಿಗೆ ಮಹಾತ್ಮ ಗಾಂಧಿಯವರು ಒಲಿದರು. 1946ರಲ್ಲಿ ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಪ್ರಕೃತಿ ಚಿಕಿತ್ಸಾ ಕೇಂದ್ರವನ್ನೂ ಆರಂಭಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ಜಿಂದಾಲ್ ಸಂಸ್ಥೆ, ಧರ್ಮಸ್ಥಳದ ಶಾಂತಿವನ, 1989ರಲ್ಲಿ ಉಜಿರೆಯಲ್ಲಿ ಶುರುವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಈ ಪದ್ಧತಿಯನ್ನು ಬೆಳೆಸಿವೆ. ಇಂಥ ಕಡೆ ರೋಗಿಯನ್ನು ಪೆಟ್ಟಿಗೆಯೊಳಗೆ ಕೂರಿಸಿ ತಲೆಯನ್ನು ಹೊರಗೆ ಬಿಡುತ್ತಾರೆ. ನೆತ್ತಿಯ ಮೇಲೆ ಒದ್ದೆ ಬಟ್ಟೆ ಇರುತ್ತದೆ. ಆಯುರ್ವೇದ ಆಸ್ಪತ್ರೆಗಳ ಬಾಷ್ಪಸ್ವೇದವೂ ಹೀಗೆಯೇ, ಅಲ್ಲಿ ಹಬೆಗೆ ಕಷಾಯ ಸೇರುತ್ತದೆ.

ಹಬೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ನಾಡಿ ನಿಮಿಷಕ್ಕೆ 100 ದಾಟುತ್ತದೆ, ಒಂದು ಸಲಕ್ಕೆ ಸುಮಾರು ಅರ್ಧ ಲೀಟರು ಬೆವರು ಹೋಗುತ್ತದೆ. ಸ್ನಾಯುಗಳ ಬಿಗಿ ಸಡಿಲಿ ಒಳ್ಳೆಯ ನಿದ್ದೆ ಬರುವುದು ಬಹಳ ಜನರ ಅನುಭವ. ಪೂರ್ವ ಫಿನ್ಲೆಂಡಿನ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೆ 4-7 ಸಲ ಸೌನಾ ಮಾಡುವವರಲ್ಲಿ ಹೃದಯಸಂಬಂಧಿ ಹಠಾತ್ ಸಾವು, ವಾರಕ್ಕೊಮ್ಮೆ ಮಾಡುವವರಿಗಿಂತ ಶೇ. 63 ಕಡಿಮೆ ಎಂದು ಅದು ತೋರಿಸಿತು. ಆರೋಗ್ಯವಂತರೇ ಹೆಚ್ಚು ಸಲ ಹೋಗುವ ಸಾಧ್ಯತೆ ಇರುವುದರಿಂದ ಇದನ್ನು ಔಷಧಕ್ಕೆ ಸಮವೆಂದು ಎಣಿಸಲಾಗದು. ಬೆವರಿನೊಂದಿಗೆ ಮೈಯ ವಿಷವೆಲ್ಲ ಹೋಗುತ್ತದೆ ಎಂಬ ಜಾಹೀರಾತಿನ ಮಾತು ಸುಳ್ಳು. ಬೆವರು ಬಹುಪಾಲು ನೀರು ಮತ್ತು ಉಪ್ಪು. ಕಲ್ಮಷ ಕಳೆಯುವ ಕೆಲಸ ಮೂತ್ರಪಿಂಡ ಮತ್ತು ಯಕೃತ್ತಿನದು. ಇಳಿದ ತೂಕವೂ ಎರಡು ಲೋಟ ನೀರು ಕುಡಿದರೆ ಮರಳುತ್ತದೆ.

ಕಾವು ಸುಖ ಕೊಡುವುದು ಬೇಕೆನಿಸಿದಾಗ ಎದ್ದು ಹೊರಬರುವ ಸ್ವಾತಂತ್ರ್ಯವಿದ್ದರೆ ಮಾತ್ರ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮುಂದೆ ದಿನವಿಡೀ ಬೆವರುವ ದುಡಿಮೆಗಾರರಿಗೆ ಅದೇ ಕಾವು ದಣಿವು ತರುತ್ತದೆ. ಅವರಿಗೆ ಬೇಕಾದದ್ದು ನೆರಳು, ಗಾಳಿ, ಕುಡಿಯುವ ನೀರು. ಈ ಸೀಮೆಯಲ್ಲಿ ಮಾಗಿಯ ಚಳಿ ಮತ್ತು ಮಳೆಗಾಲ ಹಬೆಸ್ನಾನಕ್ಕೆ ತಕ್ಕ ಕಾಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಅದರ ಅಗತ್ಯವಿಲ್ಲ.

ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು, ರಕ್ತದೊತ್ತಡ ತೀರ ಕಡಿಮೆ ಇರುವವರು, ಜ್ವರವಿರುವವರು ಹಬೆಸ್ನಾನ ಮಾಡಬಾರದು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಮಾಡಬೇಕು. ಗರ್ಭಿಣಿ, ಮಧುಮೇಹಿ, ದಿನವೂ ಕುಡಿಯುವವರು ಚರಕನ ನಿಷೇಧದ ಪಟ್ಟಿಯಲ್ಲೂ ಇದ್ದಾರೆ. ಮದ್ಯ ಕುಡಿದು ಸೌನಾಕ್ಕೆ ಹೋಗುವುದು ಪ್ರಾಣಕ್ಕೇ ಕುತ್ತು. ಪಂತ ಕಟ್ಟಿ ಕೂರುವುದೂ ಅಷ್ಟೇ: ಫಿನ್ಲೆಂಡಿನ ಹೈನೋಲಾದಲ್ಲಿ ನಡೆಯುತ್ತಿದ್ದ ವಿಶ್ವ ಸೌನಾ ಸ್ಪರ್ಧೆ, 2010ರಲ್ಲಿ 110 ಡಿಗ್ರಿಯ ಕಾವಿನಲ್ಲಿ ಸ್ಪರ್ಧಿಯೊಬ್ಬರು ಸತ್ತ ಮೇಲೆ ನಿಂತುಹೋಯಿತು. ಮೊದಲ ಸಲ ಹೋಗುವವರು ನೀರು ಕುಡಿದು ಹೋಗಿ, ಹತ್ತು ನಿಮಿಷದೊಳಗೆ ಹೊರಬನ್ನಿ. ಜೊತೆಗೆ ಒಬ್ಬರಿರಲಿ. ತಲೆ ಸುತ್ತಿದರೆ ಆ ಕ್ಷಣವೇ ಎದ್ದು ಬನ್ನಿ.