ಕೊಪ್ಪೆಯಿಂದ ಉಲ್ಲನ್ ಟೋಪಿವರೆಗೆ

ತೆಂಗಿನ ಸೀಮೆಯೋರಿಗೆ ಉಲ್ಲನ್ ಟೋಪಿ ಯಾಕೆ ಬೇಕು ಅಂತ ಬೆಂಗಳೂರಲ್ಲಿರೋ ನಮ್ಮ ಹುಡುಗೀರು ನಗ್ತಾರೆ. ಅವರು ಬರೋದು ಬೇಸಿಗೆ ರಜಕ್ಕೆ, ಅವರಿಗೇನು ಗೊತ್ತು! ನಮ್ಮೂರುಗಳು ಸಮುದ್ರಮಟ್ಟದಿಂದ 800 ಮೀಟರ್ ಆಸುಪಾಸಲ್ಲಿವೆ. ಧನುರ್ಮಾಸದ ಬೆಳಗಿನ ಜಾವ ಪೂಜೆಗೆ ಅಂತ ಎದ್ದು ಹೊರಗೆ ಬಂದೋರನ್ನ ಕೇಳಿ. ತೆಂಗಿನ ಗರಿಯಿಂದ ಮಂಜು ತೊಟ್ಟಿಕ್ತಾ ಇರುತ್ತೆ, ಕಿವಿ ಕಲ್ಲಾಗಿರುತ್ತೆ. "ಮಗೀನ ಕಿವಿಗೆ ಗಾಳಿ ಹೋಗುತ್ತೆ, ತಲೆಗೇನಾದ್ರೂ ಕಟ್ಟೇ" ಅಂತ ಬೈಸ್ಕೊಳ್ಳದೆ ನಮ್ಮಲ್ಲಿ ಯಾರು ಬಾಣಂತನ ಮುಗಿಸಿದೀವಿ ಹೇಳಿ?

ಆ "ಏನಾದ್ರೂ" ಅನ್ನೋದು ಕಾಲಕಾಲಕ್ಕೆ ಏನೇನಾಗಿತ್ತು ಅನ್ನೋದೇ ಇವತ್ತಿನ ವಿಷಯ. ಕೊನೇಲಿ ಮಿಕ್ಕಿದ ದಪ್ಪ ಉಲ್ಲನ್ನಲ್ಲಿ ಒಂದು ಟೋಪಿ ಹೆಣೆಯೋದನ್ನೂ ಹೇಳ್ತೀನಿ. ಕಡ್ಡಿ ಹಿಡಿಯದೇ ಇರೋರಿಗೂ ಬರುತ್ತೆ.

ಮೊದಲು ಇದ್ದಿದ್ದು ಕೊಪ್ಪೆ. ಕಂಬಳೀನ ಒಂದು ಕಡೆ ಮಡಿಚಿ, ಮೂಲೆ ತಲೆ ಮೇಲೆ ಬರೋ ಹಂಗೆ ಹೊದ್ರೆ ಕಂಬಳಿ ಕೊಪ್ಪೆ. ಕಂಬಳಿ ಇಲ್ಲದೋರು ಗೋಣಿಚೀಲದ ಒಂದು ಮೂಲೇನ ಇನ್ನೊಂದು ಮೂಲೆಯೊಳಕ್ಕೆ ತಳ್ಳಿ ಗೋಣಿ ಕೊಪ್ಪೆ ಮಾಡ್ಕೊಳ್ಳೋರು. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಕುರಿ ಕಾಯೋರು, ಮಳೇಲಿ ರಾಗಿ ಹೊಲಕ್ಕೆ ಹೋಗೋರು ಎಲ್ಲಾ ಅದೇ. ಉದ್ದನೆ ಚೌಕ ತುಂಡು ಒಂದಿದ್ರೆ ಅದು ತಲೆಗೆ ಟೋಪಿ ಆಗುತ್ತೆ ಅನ್ನೋ ಲೆಕ್ಕ ನಮ್ಮೋರಿಗೆ ಆಗಲೇ ಗೊತ್ತಿತ್ತು. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮಗೂಗೆ ಕುಂಚಿಗೆ, ಕುಲಾವಿ. ಕುಂಚಿಗೆ ಅಂದ್ರೆ ತಲೆಗೆ ಟೋಪಿ, ಹಿಂದೆ ಬೆನ್ನ ಮೇಲೆ ಇಳಿಬಿದ್ದ ಬಟ್ಟೆ. ಅಜ್ಜಿ ಹಳೇ ಸೀರೆ, ರವಿಕೆ ಕಣದಲ್ಲಿ ಮಿಕ್ಕಿದ ತುಂಡು, ಇಂಥವನ್ನ ಜೋಡಿಸಿ ಹೊಲಿಯೋದು. ಕುಲಾವಿ ಅನ್ನೋ ಮಾತು ಮಾತ್ರ ಪಾರಸಿಯ 'ಕುಲಾಹ್'ನಿಂದ ಬಂದಿದ್ದು. ಕಂಬಳಿ, ಉಣ್ಣೆ ಎರಡೂ ಸಂಸ್ಕೃತದ ಕಂಬಲ, ಊರ್ಣಾ ಕಡೆಯಿಂದ. ಉಲ್ಲನ್ ಇಂಗ್ಲೀಷಿಂದು. ಒಂದು ಮಗೀನ ತಲೆ ಬೆಚ್ಚಗಿಡೋಕೆ ಎಷ್ಟು ದೇಶದ ಮಾತು ಬಂತು ನೋಡಿ!

ಈಗ ಕಂಬಳಿ ವಿಷಯಕ್ಕೆ ಬರ್ತೀನಿ. ಚಿಕ್ಕನಾಯಕನಹಳ್ಳಿ, ಹುಳಿಯಾರು, ಆಚೆ ಸಿರಾ, ಹಿರಿಯೂರು, ಚಳ್ಳಕೆರೆ ಕಡೆ ಕುರುಬರ ಮನೆಗಳಲ್ಲಿ ಕಂಬಳಿ ನೇಯೋರು. ಇಲ್ಲಿನ ದಖನಿ ಕುರಿ ಉಣ್ಣೆ ಒರಟು, ಬಹುಪಾಲು ಕಪ್ಪು. ವರ್ಷಕ್ಕೆ ಎರಡು ಸಲ ಕತ್ತರಿಸೋದು. ಕಸ ಬಿಡಿಸಿ, ಹಿಂಜಿ, ನೂಲು ತೆಗೆದು, ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿ ಮಗ್ಗದಲ್ಲಿ ಪಟ್ಟಿ ನೇಯ್ದು, ಪಟ್ಟಿಗಳನ್ನ ಸೇರಿಸಿ ಹೊಲಿದ್ರೆ ಒಂದು ಕಂಬಳಿ. ಕರಿ ಕಂಬಳಿ ಹಾಸಿ ಗದ್ದಿಗೆ ಮಾಡಿದ್ರೆ ಅದು ದೇವರ ಜಾಗ. ಅಷ್ಟು ಮರ್ಯಾದೆ ಅದಕ್ಕೆ.

ಆದ್ರೆ ಆ ಕೆಲಸದಲ್ಲಿ ಯಾರ ಕೈ ಎಷ್ಟಿತ್ತು? ಮಗ್ಗದ ಮೇಲೆ ಕೂರೋದು ಗಂಡಸು, ಸಂತೇಲಿ ಮಾರೋದು ಗಂಡಸು. ಕಸ ಬಿಡಿಸೋದು, ರಾಟೆ ತಿರುಗಿಸಿ ನೂಲೋದು ಹೆಂಗಸು. ಒಂದು ಕಂಬಳಿಗಾಗೋ ನೂಲು ತೆಗೆಯೋಕೆ ನೇಯೋದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಒಲೆ ಮುಂದೆ, ಜಗುಲಿ ಮೇಲೆ, ಮಗೀಗೆ ಹಾಲು ಕೊಡ್ತಾ ಕೊಡ್ತಾ ಮಾಡಿದ್ದಕ್ಕೆ ಯಾರೂ ಕೂಲಿ ಲೆಕ್ಕ ಹಾಕಲಿಲ್ಲ. "ಮನೇಲಿ ಕೂತಿದ್ಲು" ಅಂದ್ಬಿಟ್ರು. ತಿಪಟೂರು ಕೊಬ್ಬರೀದೂ ಇದೇ ಕಥೆ ಅಲ್ವಾ? ವರ್ಷದ ಹತ್ರ ಅಟ್ಟದ ಮೇಲೆ ಕಾಯಿ ಒಣಗಿ ಉಂಡೆ ಕೊಬ್ಬರಿ ಆಗುತ್ತೆ. ಸುಲಿಯೋ ಕಾಲಕ್ಕೆ ಹೆಂಗಸರು ಕೂತು ಸಿಪ್ಪೆ ತೆಗೀತಾರೆ. ಮಾರುಕಟ್ಟೇಲಿ ಚೀಟಿ ಮಾತ್ರ ಯಜಮಾನರ ಹೆಸರಲ್ಲೇ ಬರುತ್ತೆ.

ಕಡ್ಡೀಲಿ ಹೆಣೆಯೋದು ನಮ್ಮ ಕಡೆ ಹುಟ್ಟಿದ ವಿದ್ಯೆ ಅಲ್ಲ. ಈಜಿಪ್ಟಲ್ಲಿ ಸಿಕ್ಕಿರೋ ನೂರಾರು ವರ್ಷದ ಹಳೇ ಕಾಲುಚೀಲಗಳೇ ಅದರ ಹಳೇ ಗುರುತು. ಆಮೇಲೆ ಯುರೋಪಿಗೆ ಹೋಯ್ತು. ಅಲ್ಲಿ ಟೋಪಿಗೆ ಎಷ್ಟು ಮಹತ್ವ ಅಂದ್ರೆ 1571ರಲ್ಲಿ ಇಂಗ್ಲೆಂಡಲ್ಲಿ ಕಾನೂನೇ ಮಾಡಿದ್ರು. ಆರು ವರ್ಷ ದಾಟಿದೋರು ಭಾನುವಾರ, ಹಬ್ಬದ ದಿನ ಇಂಗ್ಲೆಂಡಲ್ಲೇ ಮಾಡಿದ ಉಣ್ಣೆ ಟೋಪಿ ಹಾಕಲೇಬೇಕು, ಇಲ್ದಿದ್ರೆ ದಂಡ. ದೊಡ್ಡ ಮನೆತನದೋರಿಗೆ ವಿನಾಯಿತಿ! ಟೋಪಿ ಮಾಡೋರ ಹೊಟ್ಟೆಪಾಡಿಗೆ ಅಂತ ತಂದ ಕಾನೂನು ಅದು, 1597ರಲ್ಲಿ ತೆಗೆದು ಹಾಕಿದ್ರು. ಸರ್ಕಾರವೇ ಜನಕ್ಕೆ ಟೋಪಿ ಹಾಕಿದ್ದು ಅಂದ್ರೆ ಇದೇ ಕಣ್ರೀ.

ನಮ್ಮ ತಾತಂದಿರ ಮಂಕಿ ಕ್ಯಾಪಿಗೂ ಒಂದು ಯುದ್ಧದ ಕಥೆ ಇದೆ. 1854ರಲ್ಲಿ ಕ್ರಿಮಿಯಾ ಅನ್ನೋ ಕಡೆ ರಷ್ಯದ ಮೇಲೆ ಯುದ್ಧ ನಡೀತಾ ಇತ್ತು. ಇಂಗ್ಲೆಂಡಿನ ಸೈನಿಕರು ಚಳೀಲಿ ನಡುಗೋದು ಕೇಳಿ, ಮನೆಯ ಹೆಂಗಸರು ಮುಖ ಕಿವಿ ಮುಚ್ಚೋ ಟೋಪಿ ಹೆಣೆದು ಕಳಿಸಿದ್ರು. ಬಾಲಾಕ್ಲಾವಾ ಅನ್ನೋ ಊರಿನ ಹೆಸರೇ ಮುಂದೆ ಆ ಟೋಪಿಗೆ ಬಂತು. ಆಗ ನಮ್ಮ ಮೈಸೂರು ಸೀಮೇಲಿ ಮಾರ್ಕ್ ಕಬ್ಬನ್ ಆಡಳಿತ. ನಮ್ಮ ಹಳ್ಳೀಲಿ ಕಂಬಳಿ ಕೊಪ್ಪೆಯೇ ನಡೀತಿತ್ತು.

ನಮ್ಮ ದೇಶದಲ್ಲೂ ಹಂಗೇ ಆಯ್ತು. 1962ರಲ್ಲಿ ಚೀನಾ ಯುದ್ಧ ಬಂದಾಗ ಹಿಮಾಲಯದಲ್ಲಿ ನಮ್ಮ ಜವಾನರಿಗೆ ಸರಿಯಾದ ಬೆಚ್ಚನೆ ಬಟ್ಟೆ ಇರಲಿಲ್ಲ. ದೇಶದ ತುಂಬ ಹೆಂಗಸರು ಸ್ವೆಟರು, ಟೋಪಿ ಹೆಣೆದು ಕೊಟ್ರು. ಅಷ್ಟೊತ್ತಿಗೆ 1952ರಲ್ಲಿ ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆಯಿಂದ ಗ್ರಾಮಸೇವಕಿಯರು, ಮಹಿಳಾ ಮಂಡಳಿಗಳು ಹಳ್ಳಿಗೆ ಬಂದಿದ್ವು. ಹೊಲಿಗೆ, ಹೆಣಿಗೆ ಅಂದ್ರೆ ಹೆಣ್ಣುಮಕ್ಕಳು ಮನೆಯಿಂದ ಆಚೆ ಬಂದು ಒಂದು ಕಡೆ ಕೂರೋಕೆ ಸಿಕ್ಕಿದ ನೆಪ. 1961ರ ಸುಮಾರಿಗೆ ಬೈಲಕುಪ್ಪೇಲಿ ಟಿಬೆಟಿನೋರು ನೆಲೆಯಾದ್ರು. ಚಳಿಗಾಲಕ್ಕೆ ಊರೂರ ರಸ್ತೆ ಪಕ್ಕ ಅವರ ಸ್ವೆಟರ್ ಅಂಗಡಿ ಬಂತು. ಲೂಧಿಯಾನದ ರೆಡಿಮೇಡ್ ಮಾಲು ಕಡಿಮೆ ರೇಟಿಗೆ ಸಿಕ್ಕಿದ ಮೇಲೆ ಹೆಣೆಯೋರು ಕಡಿಮೆಯಾದ್ರು.

ಹೆಣೆಯೋ ಕಾಲದಲ್ಲಿ ನಮ್ಮನೇಲಿ ಉಲ್ಲನ್ ಬಿಸಾಕಿದ್ದೇ ಇಲ್ಲ. ದೊಡ್ಡೋನ ಸ್ವೆಟರ್ ಗಿಡ್ಡ ಆದ್ರೆ ಬಿಚ್ಚೋದು, ಆವಿಗೆ ಹಿಡಿದು ನೆಟ್ಟಗೆ ಮಾಡೋದು, ಚಿಕ್ಕೋನಿಗೆ ಹೆಣೆಯೋದು. ಅದರಲ್ಲಿ ಮಿಕ್ಕಿದ್ದು ಕೂಸಿನ ಟೋಪಿ. ಬಣ್ಣಬಣ್ಣದ ಪಟ್ಟೆ ಇದ್ದಿದ್ದು ಚೆಂದಕ್ಕಲ್ಲ, ಒಂದೇ ಬಣ್ಣ ಸಾಲದೆ.

ಈಗ ಟೋಪಿ ಮಾಡೋಣ. ದಪ್ಪ ಉಲ್ಲನ್ ಸುಮಾರು 100 ಗ್ರಾಂ ಸಾಕು. ದಪ್ಪಂದು ಇಲ್ಲದಿದ್ರೆ ಮಾಮೂಲಿ ಉಲ್ಲನ್ ಮೂರೆಳೆ ಸೇರಿಸಿ ಹಿಡೀರಿ, ಚಿಕ್ಕ ಚಿಕ್ಕ ಉಂಡೆಗಳೆಲ್ಲ ಖರ್ಚಾಗ್ತವೆ. ಕಡ್ಡಿ 8 ಮಿಲಿಮೀಟರ್ ದಪ್ಪಂದು. ಹಳೇ ಕಡ್ಡಿ ನಂಬರು ಇಂಗ್ಲೆಂಡಿನ ಲೆಕ್ಕ, ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ಮಿಲಿಮೀಟರ್ ಅಂದ್ರೆ ಅದರಲ್ಲಿ ಸೊನ್ನೆ ನಂಬರ್. 8 ನಂಬರ್ ತಂದ್ರೆ ಅದು ಬರೀ 4 ಮಿಲಿಮೀಟರ್.

ಮೊದಲು ಅಂಗೈಯಷ್ಟು ಹೆಣೆದು 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂತು ಎಣಿಸಿ. 11 ಬಂದ್ರೆ ದೊಡ್ಡೋರಿಗೆ 55 ಕುಣಿಕೆ ಹಾಕಿ, 50 ಸೆಂಟಿಮೀಟರ್ ಸುತ್ತಳತೆ ಆಗುತ್ತೆ. ತಲೆ ಇದಕ್ಕಿಂತ ದೊಡ್ಡದಿದ್ರೂ ಎಳೆದ್ರೆ ಹಿಗ್ಗುತ್ತೆ. ಐದಾರು ವರ್ಷದ ಮಗೂಗೆ 49-50 ಕುಣಿಕೆ ಸಾಕು. ಎಲ್ಲಾ ಸಾಲೂ ಒಂದೇ ತರ, ಬರೀ ಸೀದಾ ಹೆಣಿಗೆ. ಒಂದು ಗೇಣು ಉದ್ದ ಬರೋವರೆಗೆ ಹೆಣೀರಿ. ಈಗ ಕೈಲಿರೋದು ಉದ್ದನೆ ಚೌಕ ತುಂಡು, ಅದೇ ಕೊಪ್ಪೆ ಲೆಕ್ಕ. ಒಂದು ಮಾರು ದಾರ ಬಿಟ್ಟು ಕತ್ತರಿಸಿ, ದಬ್ಬಳಕ್ಕೆ ಪೋಣಿಸಿ. ಕೊಬ್ಬರಿ ಚೀಲ ಹೊಲಿಯೋ ದಬ್ಬಳವೇ ಸಾಕು. ಕಡ್ಡಿ ಮೇಲಿರೋ ಎಲ್ಲಾ ಕುಣಿಕೆ ಒಳಗೆ ದಾರ ತೂರಿಸಿ, ಕಡ್ಡಿ ತೆಗೆದು, ಬಿಗಿಯಾಗಿ ಎಳೆದು ಗಂಟು ಹಾಕಿ. ಅದೇ ದಾರದಲ್ಲಿ ಪಕ್ಕ ಹೊಲೀರಿ. ಟೋಪಿ ಆಯ್ತು!

ಅಂಗಡಿ ಉಲ್ಲನ್ ಬಹಳಷ್ಟು ಅಕ್ರಿಲಿಕ್, ಉಣ್ಣೆ ಅಲ್ಲ. ಒಂದು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದ್ರೆ ಉಣ್ಣೆ, ಕರಗಿ ಗಟ್ಟಿ ಗುಂಡಾದ್ರೆ ಅಕ್ರಿಲಿಕ್. ಅದನ್ನ ಹಾಕ್ಕೊಂಡು ಮಕ್ಕಳು ಒಲೆ ಹತ್ರ ಹೋಗದಂಗೆ ನೋಡ್ಕೊಳ್ಳಿ.

ಕೊನೇದಾಗಿ ಒಂದು ಮಾತು. ಈಗ ಕುರಿ ಸಾಕೋದು ಮಾಂಸಕ್ಕೆ, ನಮ್ಮ ಕರಿ ಉಣ್ಣೇನ ಕೇಳೋರಿಲ್ಲ. ಹುಳಿಯಾರು ಕಡೆ ನೆಂಟರಿರೋರು ಕಂಬಳಿ ಮನೇಲಿ ನೂಲಿನ ಉಂಡೆ ಸಿಗುತ್ತಾ ವಿಚಾರಿಸಿ, ದುಡ್ಡು ಕೊಟ್ಟೇ ತನ್ನಿ. ಒಂದೆಳೆ ಸಾಲದು, ಎರಡೆಳೆ ಸೇರಿಸಿ ಹೆಣೀರಿ. ಚುಚ್ಚುತ್ತೆ, ಒಳಗೆ ಹಳೇ ಹತ್ತಿ ಸೀರೆ ತುಂಡು ಕೊಡಿ. ದುಡ್ಡನ್ನ ನೂತ ಕೈಗೇ ಕೊಡಿ, ಆಯಮ್ಮನ ಹೆಸರೂ ಕೇಳ್ಕೊಂಡು ಬನ್ನಿ.