ಸೋಲಾರ್ ನೀರು ಬೆಳಗ್ಗೆವರೆಗೂ ಬಿಸಿ ಇರಬೇಕಾ? ಮೊದಲು ಡ್ರಮ್ ನೋಡಿ

ಮನೆಯಲ್ಲೇ ಸೋಲಾರ್ ಹೀಟರ್ ಮಾಡಿಕೊಂಡವರ ದೂರು ಸಾಮಾನ್ಯವಾಗಿ ಒಂದೇ. ಸಂಜೆ ನೀರು ಕೈ ಸುಡುವಷ್ಟು ಬಿಸಿ ಇರುತ್ತೆ. ಬೆಳಗ್ಗೆ ಮಕ್ಕಳಿಗೆ ಸ್ನಾನ ಮಾಡಿಸೋಣ ಅಂದ್ರೆ ಬರೀ ಉಗುರುಬೆಚ್ಚಗೆ. ಪ್ಯಾನೆಲ್ ಸರಿ ಇಲ್ಲ ಅಂತ ಇನ್ನೊಂದು ಪ್ಯಾನೆಲ್ ಹಾಕಿಸುವವರೂ ಇದ್ದಾರೆ. ದುಡ್ಡು ದಂಡ. ತೊಂದರೆ ಇರೋದು ಹೆಚ್ಚಾಗಿ ಡ್ರಮ್ಮಿನಲ್ಲಿ.

ಶಾಖ ಕೂಡಿಡೋಕೆ ನೀರಿನಷ್ಟು ಅಗ್ಗದ ವಸ್ತು ಸಿಗೋದು ಕಷ್ಟ. ಒಂದು ಕೆ.ಜಿ. ನೀರು ಹಿಡಿಯುವ ಶಾಖದಲ್ಲಿ ಅಷ್ಟೇ ತೂಕದ ಕಲ್ಲು ಹಿಡಿಯೋದು ಸುಮಾರು ಐದರಲ್ಲಿ ಒಂದು ಪಾಲು. 100 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಅದರಲ್ಲಿ 4.6 ಯೂನಿಟ್ ಕರೆಂಟಿನಷ್ಟು ಶಾಖ ಇರುತ್ತೆ. 2 ಕಿಲೋವಾಟ್ ಗೀಸರ್ ಎರಡು ಗಂಟೆಗೂ ಹೆಚ್ಚು ಹೊತ್ತು ಓಡಿದ ಲೆಕ್ಕ.

ಈ ಶಾಖ ಬರೀ ಕಬ್ಬಿಣದ ಡ್ರಮ್ಮಿನಲ್ಲಿದ್ದರೆ ಚಳಿಗಾಲದ ಒಂದೇ ರಾತ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೋಗಿಬಿಡುತ್ತೆ. 60 ಡಿಗ್ರಿ ನೀರು ಬೆಳಗ್ಗೆ ಹೊತ್ತಿಗೆ 35ರ ಆಸುಪಾಸಿಗೆ ಇಳಿದಿರುತ್ತೆ. ಅದೇ ಡ್ರಮ್ಮಿನ ಸುತ್ತ, ಅಡಿಗೆ, ಮುಚ್ಚಳದ ಮೇಲೆ ನಾಲ್ಕು ಇಂಚು ಒಣ ಭತ್ತದ ಹೊಟ್ಟು ತುಂಬಿದರೆ ಐದಾರು ಡಿಗ್ರಿ ಇಳಿಯಬಹುದು, ಅಷ್ಟೇ. ರೈಸ್ ಮಿಲ್‌ನಲ್ಲಿ ಸಿಗುವ ಹೊಟ್ಟೇ ಸಾಕು. ಆದರೆ ಅದು ಒದ್ದೆಯಾದರೆ ಇದ್ದೂ ಇಲ್ಲದಂತೆ, ಮೇಲೆ ಪ್ಲಾಸ್ಟಿಕ್ ಶೀಟ್ ಬಿಗಿಯಾಗಿ ಕಟ್ಟಿ. ಇಲಿ ಗೂಡು ಮಾಡದಂತೆ ಸುತ್ತ ತಗಡು ಬೇಕು. ಮುಚ್ಚಳ ಮಾತ್ರ ಮರೀಬೇಡಿ. ಬಿಸಿ ನೀರು ನಿಲ್ಲೋದೇ ಮೇಲ್ಗಡೆ.

ಅದಕ್ಕೇ ಬಳಸುವ ನೀರನ್ನು ಡ್ರಮ್ಮಿನ ಮೇಲ್ಭಾಗದಿಂದ ತೆಗೆಯಬೇಕು, ತಣ್ಣೀರು ಕೆಳಗಿನಿಂದ ನಿಧಾನ ಒಳಗೆ ಬರಬೇಕು. ಉಲ್ಟಾ ಮಾಡಿದರೆ ಎರಡೂ ಕಲಸಿ ಎಲ್ಲಾ ಅರೆಬಿಸಿ.

ಪಂಪ್ ಇಲ್ಲದ ವ್ಯವಸ್ಥೆಯಲ್ಲಿ ಎತ್ತರದ ಲೆಕ್ಕ ತಪ್ಪಬಾರದು. ಬಿಸಿಯಾದ ನೀರು ಹಗುರಾಗಿ ತಾನಾಗೇ ಮೇಲಕ್ಕೆ ಹೋಗುತ್ತೆ. ಹಾಗಾಗಿ ಪ್ಯಾನೆಲ್ಲಿನ ಮೇಲ್ತುದಿಗಿಂತ ಡ್ರಮ್ಮಿನ ತಳ ಒಂದಡಿಯಾದರೂ ಎತ್ತರದಲ್ಲಿರಲಿ. ಕೆಳಗಿದ್ದರೆ ಹಗಲಲ್ಲಿ ನೀರು ಸರಿಯಾಗಿ ಸುತ್ತೋದಿಲ್ಲ, ರಾತ್ರಿ ಹಿಮ್ಮುಖ ಹರಿದು ಪ್ಯಾನೆಲ್ಲೇ ಶಾಖವನ್ನು ಆಕಾಶಕ್ಕೆ ಬಿಡುತ್ತೆ. ಡ್ರಮ್ ಪ್ಯಾಕಿಂಗ್ ಸರಿ ಇದ್ದೂ ನೀರು ತಣ್ಣಗಾಗ್ತಿದ್ದರೆ ಮೊದಲು ಇದನ್ನೇ ನೋಡಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಮೂಲಿ ಬಿಳಿ ಪಿವಿಸಿ ಪೈಪ್ ಕೊಟ್ಟರೆ ಬೇಡ ಅನ್ನಿ. 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತೆ. ಸಿಪಿವಿಸಿ, ಜಿಐ ಅಥವಾ ತಾಮ್ರದ ಪೈಪ್ ಕೇಳಿ. ಸಾದಾ ಪ್ಲಾಸ್ಟಿಕ್ ಡ್ರಮ್ಮೂ ಇದಕ್ಕಲ್ಲ. ಕೀಟನಾಶಕ, ಕೆಮಿಕಲ್ ತುಂಬಿದ್ದ ಹಳೇ ಡ್ರಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ಡ್ರಮ್ಮಿನ ಮೇಲೆ ಗಾಳಿ ಪೈಪ್ ತೆರೆದೇ ಇರಬೇಕು. ಪೂರ್ತಿ ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರಿದರೆ ಸಿಡಿಯುವ ಅಪಾಯ ಇದೆ. 200 ಲೀಟರ್ ಅಂದ್ರೆ ನೀರೇ 200 ಕೆ.ಜಿ. ಶೀಟ್, ಹೆಂಚಿನ ಮಾಡಿನ ಮೇಲೆ ಕೂರಿಸೋ ಆಸೆ ಬಿಡಿ. 60 ಡಿಗ್ರಿ ನೀರು ನೇರ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತೆ, ಮಕ್ಕಳಿರುವ ಮನೆಯಲ್ಲಿ ಬಕೆಟ್‌ಗೆ ತಣ್ಣೀರು ಮೊದಲು ಬಿಡಿ.

ಡ್ರಮ್ ದೊಡ್ಡದು ಮಾಡಿದರೆ ಮೋಡದ ದಿನಕ್ಕೂ ಆಗುತ್ತೆ ಅನ್ನೋರಿದ್ದಾರೆ. ಪ್ಯಾನೆಲ್ ಅದೇ ಇದ್ದರೆ ಎರಡರಷ್ಟು ನೀರು ಅರ್ಧದಷ್ಟೇ ಕಾಯುತ್ತೆ. ಮಳೆಗಾಲಕ್ಕೆ ಬಚ್ಚಲ ಹಂಡೆ ಇರಲಿ. ಬೋರ್‌ವೆಲ್ ನೀರಾದರೆ ಪೈಪಿನೊಳಗೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿ.